ಮನೆ ಕಟ್ಟುವ ವಿದ್ಯೆ: ಮೇಸ್ತ್ರಿಯ ಮಕ್ಕಳಿಗೂ ಒಂದು ದಾರಿ

2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದ್ದು ನಿಮಗೆ ನೆನಪಿರಬಹುದು. ನಾಲ್ಕೇ ವರ್ಷಕ್ಕೆ, 2019ರ ಜೂನ್‌ನಲ್ಲಿ, ಅದೇ ನಗರಕ್ಕೆ ನೀರು ಕೊಡುವ ಕೆರೆಗಳು ಬತ್ತಿದವು. ಜನ ಕೊಡ ಹಿಡಿದು ಟ್ಯಾಂಕರಿಗೆ ಕಾದರು. ಮಳೆ ಬಾರದ ಊರೇನಲ್ಲ ಅದು. ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ ಬೀಳುತ್ತೆ. ಬಿದ್ದ ನೀರು ಇಂಗುವುದಕ್ಕೆ ಜಾಗ ಉಳಿದಿಲ್ಲ, ಅಷ್ಟೇ. ಪಳ್ಳಿಕರಣೈ ಜೌಗು ಪ್ರದೇಶದ ಬಹುಪಾಲು ರಸ್ತೆ, ಕಟ್ಟಡಗಳ ಅಡಿಗೆ ಹೋಗಿದೆ.

ಒಂದು ಲೆಕ್ಕ ಹಾಕಿ ನೋಡಿ. 100 ಚದರ ಮೀಟರ್ ತಾರಸಿಯ ಮೇಲೆ ಅಲ್ಲಿ ವರ್ಷಕ್ಕೆ 1,40,000 ಲೀಟರ್ ಮಳೆ ಬೀಳುತ್ತೆ. ಐದನೇ ಒಂದು ಭಾಗ ನಷ್ಟವಾದರೂ 1,12,000 ಲೀಟರ್ ಸಿಗುತ್ತೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂದರೂ ಐದು ಜನರ ಮನೆಗೆ ಐದು ತಿಂಗಳಿಗೆ ಸಾಕು! ಅಷ್ಟನ್ನೂ ತೊಟ್ಟಿಯಲ್ಲಿ ತುಂಬಿಡಲಾಗದು, ನಿಜ. ಉಳಿದದ್ದನ್ನು ಬಾವಿಗೆ ಇಂಗಿಸಬಹುದು. ತಮಿಳುನಾಡಿನಲ್ಲಿ 2003ರಿಂದಲೇ ಮಳೆನೀರು ಕೊಯ್ಲು ಕಡ್ಡಾಯ. ಆದರೆ ಪೈಪು ಹಾಕಿದರೆ ಮುಗಿಯಲಿಲ್ಲ. ಇಂಗುಗುಂಡಿಯ ಹೂಳು ತೆಗೆಯದಿದ್ದರೆ ಅದು ಹೆಸರಿಗೆ ಮಾತ್ರ.

ಇಲ್ಲಿಯೇ ಒಂದು ಹೊಸ ಉದ್ಯೋಗ ಹುಟ್ಟುತ್ತದೆ. ಮನೆಯ ನೀರು, ಗಾಳಿ, ಬಿಸಿಲು, ಮಣ್ಣು, ಕರೆಂಟು ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ನಕ್ಷೆ ಮಾಡುವ ಕೆಲಸ. ಸ್ನಾನದ ನೀರನ್ನು ಜಲ್ಲಿ, ಕಾಬಾಳೆ ಗಿಡಗಳ ಮೂಲಕ ಸೋಸಿ ಪಶ್ಚಿಮ ಗೋಡೆಯ ಪಕ್ಕದ ಮರಕ್ಕೆ ಬಿಡ್ತೀರಿ ಅಂತಿಟ್ಟುಕೊಳ್ಳಿ. ಮರದ ನೆರಳಿಗೆ ಗೋಡೆ ಕಾಯುವುದಿಲ್ಲ, ಫ್ಯಾನು-ಎಸಿ ಕಡಿಮೆ ಓಡುತ್ತೆ, ಬಿಲ್ಲೂ ಇಳಿಯುತ್ತೆ. ಒಂದೇ ನೀರಿನಿಂದ ಮೂರು ಲಾಭ. ಕಟ್ಟಡ ಹಾನಿ ಮಾಡದಿದ್ದರೆ ಸಾಲದು, ನೆಲಕ್ಕೆ ಏನಾದರೂ ವಾಪಸ್ ಕೊಡಬೇಕು ಅನ್ನುವುದು ಈ ವಿದ್ಯೆಯ ತಿರುಳು.

ಇದು ಪೂರ್ತಿ ಹೊಸದೂ ಅಲ್ಲ. ಚೆನ್ನೈನ ಹಳೆಯ ಮನೆಗಳಲ್ಲಿ 'ಮದ್ರಾಸ್ ಟೆರೇಸ್' ಎಂಬ ಚಾವಣಿ ಇತ್ತು. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಿದ್ದರು. ಆ ದಪ್ಪ ಚಾವಣಿ ಬಿಸಿಲನ್ನು ಬೇಗ ಒಳಗೆ ಬಿಡುತ್ತಿರಲಿಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ, ಸುಡದೆ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಮಾಡಿತು.

ನಮ್ಮ ಎಷ್ಟೋ ಮನೆಗಳಲ್ಲಿ ಅಬ್ಬಾ, ಚಾಚಾ ಗಾರೆ ಕೆಲಸದವರು, ಬಡಗಿಗಳು, ಪ್ಲಂಬರ್‌ಗಳು. ಮಕ್ಕಳಿಗೆ ಆ ಕಷ್ಟ ಬೇಡ ಅಂತ ಬೇರೆ ಕೋರ್ಸಿಗೆ ಹಾಕ್ತೀವಿ. ಗೋಡೆ ಎಲ್ಲಿ ಬಿರುಕು ಬಿಡುತ್ತೆ, ನೀರು ಎಲ್ಲಿ ಸೋರುತ್ತೆ ಅನ್ನೋದನ್ನು ಮನೆಯಲ್ಲೇ ಕೇಳಿ ಬೆಳೆದ ಹುಡುಗ-ಹುಡುಗಿಯರು ಅವರು. ಆ ತಿಳುವಳಿಕೆಗೆ ಓದು ಸೇರಿದರೆ ಅದು ದೊಡ್ಡ ಬಂಡವಾಳ.

ದಾರಿ ಹೀಗಿದೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ತೆಗೆದುಕೊಳ್ಳಿ. 'ನಾಟಾ' ಪರೀಕ್ಷೆ ಬರೆದರೆ ಐದು ವರ್ಷದ ಬಿ.ಆರ್ಕ್. ಚೆನ್ನೈನಲ್ಲಿ ಅಣ್ಣಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಮತ್ತು ಯೋಜನಾ ಶಾಲೆ ಇದೆ. ಅಷ್ಟು ವರ್ಷ ಕಷ್ಟ ಅನ್ನಿಸಿದರೆ ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಇದೆ. ಮಣ್ಣಿನ ಕಟ್ಟಡ ಕಲಿಯಲು ಆರೋವಿಲ್ ಅರ್ತ್ ಇನ್‌ಸ್ಟಿಟ್ಯೂಟ್ ತರಬೇತಿ ಕೊಡುತ್ತದೆ. ಬಿ.ಆರ್ಕ್. ಮುಗಿದ ಮೇಲೂ ಮೊದಲ ವರ್ಷಗಳಲ್ಲಿ ಸಂಬಳ ಸಾಧಾರಣವೇ. ಅದನ್ನು ತಿಳಿದೇ ಹೆಜ್ಜೆ ಇಡಿ.

ಮೊದಲ ಪಾಠ ಮಾತ್ರ ಇವತ್ತೇ ಶುರು ಮಾಡಬಹುದು. ಟೇಪು ಹಿಡಿದು ನಿಮ್ಮ ಮನೆಯ ತಾರಸಿ ಅಳೆಯಿರಿ. ನಿಮ್ಮೂರಿನ ಮಳೆ ಎಷ್ಟು ಅಂತ ಕೇಳಿ, ಮೇಲಿನ ಲೆಕ್ಕವನ್ನು ನೀವೇ ಮಾಡಿ. ಆ ನೀರು ಈಗ ಎಲ್ಲಿಗೆ ಹರಿದುಹೋಗುತ್ತಿದೆ ಅಂತ ಹಿಂಬಾಲಿಸಿ ನೋಡಿ.