ಲೈಂಗಿಕ ಸಮ್ಮತಿಯ ಜಾಗೃತಿ ಅಭಿಯಾನ: ತಪ್ಪು ಕಲ್ಪನೆ ಮತ್ತು ಸತ್ಯ

ಲೈಂಗಿಕ ಸಮ್ಮತಿ ಎಂದರೆ ಭಯ, ಬಲವಂತ, ವಂಚನೆ ಅಥವಾ ಹಂಗಿಗೆ ಒಳಗಾಗದೆ ಒಬ್ಬ ವಯಸ್ಕ ವ್ಯಕ್ತಿ ಒಂದು ನಿರ್ದಿಷ್ಟ ಕ್ರಿಯೆಗೆ ಸ್ಪಷ್ಟವಾಗಿ ನೀಡುವ ಒಪ್ಪಿಗೆ. ಅದನ್ನು ಯಾವ ಕ್ಷಣದಲ್ಲಾದರೂ ಹಿಂತೆಗೆದುಕೊಳ್ಳುವ ಹಕ್ಕು ಆ ವ್ಯಕ್ತಿಗೆ ಇರುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ಈ ಕುರಿತು ಅಭಿಯಾನ ರೂಪಿಸುವವರು ಜನರ ತಪ್ಪು ಕಲ್ಪನೆಗಳ ಜೊತೆಗೆ ತಮ್ಮವನ್ನೂ ತಿದ್ದಿಕೊಳ್ಳಬೇಕಾಗುತ್ತದೆ.

ತಪ್ಪು ಕಲ್ಪನೆ: ಅಭಿಯಾನವೆಂದರೆ ಹೆಣ್ಣುಮಕ್ಕಳಿಗೆ ಎಚ್ಚರಿಕೆ ಹೇಳುವುದು.

ಸತ್ಯ: ಹೊತ್ತು ಮುಳುಗಿದ ಮೇಲೆ ಹೊರಹೋಗಬಾರದೆಂಬ ಬುದ್ಧಿಮಾತು ಅಪರಾಧದ ಹೊಣೆಯನ್ನು ಅದಕ್ಕೆ ಗುರಿಯಾಗುವವರ ಮೇಲೆಯೇ ಹೊರಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಿಗೆ ನಾಟಿ ಕೆಲಸಕ್ಕೆ ಹೋಗುವ, ಕೆಲಸವಿಲ್ಲದಾಗ ಗುಳೆ ಹೋಗುವ ಕೂಲಿ ಮಹಿಳೆಯರಿಗೆ ಅದನ್ನು ಪಾಲಿಸಲೂ ಆಗದು. ಒಪ್ಪಿಗೆಯನ್ನು ಕೇಳಿ ತಿಳಿಯುವುದು ಮುಂದುವರಿಯಬಯಸುವವರ ಕರ್ತವ್ಯವಾದ್ದರಿಂದ ಅಭಿಯಾನದ ಮೊದಲ ಮಾತು ಕಾಲೇಜಿನ ಹುಡುಗರು, ಕೂಲಿ ತಂಡಗಳ ಮೇಸ್ತ್ರಿಗಳು, ಹಟ್ಟಿ ಚಿನ್ನದ ಗಣಿಯ ಕಾರ್ಮಿಕರು ಮೊದಲಾದ ಗಂಡಸರೊಡನೆ ನಡೆಯಬೇಕು.

ತಪ್ಪು ಕಲ್ಪನೆ: ಬೇಡವೆನ್ನದೆ, ತಡೆಯದೆ ಇದ್ದರೆ ಒಪ್ಪಿದಂತೆಯೇ.

ಸತ್ಯ: ಭಯದಲ್ಲಿ ದೇಹ ಮರಗಟ್ಟಿ ದನಿ ಹೊರಡದಿರುವುದು ಸಹಜ, ಕೂಲಿ ಕೊಡುವವನ ಎದುರು ಅನ್ನದ ಚಿಂತೆಯೂ ಬಾಯಿ ಕಟ್ಟಬಹುದು. ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ 1972ರಲ್ಲಿ ಆದಿವಾಸಿ ಬಾಲಕಿಯ ಮೇಲೆ ನಡೆದ ಅತ್ಯಾಚಾರ ಪ್ರಕರಣದಲ್ಲಿ, ಮೈಮೇಲೆ ಗಾಯದ ಗುರುತುಗಳಿಲ್ಲವೆಂಬುದನ್ನೂ ಪರಿಗಣಿಸಿ ಸುಪ್ರೀಂ ಕೋರ್ಟ್ 1978ರಲ್ಲಿ ಆರೋಪಿ ಪೊಲೀಸರನ್ನು ಬಿಡುಗಡೆ ಮಾಡಿದ ಬಳಿಕ ದೇಶದಾದ್ಯಂತ ಪ್ರತಿಭಟನೆ ನಡೆದು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. 2013ರ ತಿದ್ದುಪಡಿ ಸಮ್ಮತಿಗೆ ಸ್ಪಷ್ಟ ವ್ಯಾಖ್ಯೆ ನೀಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ ಕೂಡ, ಮಹಿಳೆ ದೈಹಿಕವಾಗಿ ಪ್ರತಿರೋಧಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಆಕೆ ಒಪ್ಪಿದ್ದಳೆಂದು ತಿಳಿಯಬಾರದೆನ್ನುತ್ತದೆ.

ತಪ್ಪು ಕಲ್ಪನೆ: ತಾಳಿ ಕಟ್ಟಿದರೆ ಅಥವಾ ಮುತ್ತು ಕಟ್ಟಿದರೆ ಒಪ್ಪಿಗೆ ಶಾಶ್ವತ.

ಸತ್ಯ: ತಾಳಿಯಾಗಲಿ ಮುತ್ತಾಗಲಿ ಒಪ್ಪಿಗೆಗೆ ಬದಲಿಯಲ್ಲ. 18 ವರ್ಷದೊಳಗಿನ ಹುಡುಗಿಯಾಗಲಿ ಹುಡುಗನಾಗಲಿ ನೀಡುವ ಒಪ್ಪಿಗೆಗೆ 2012ರ ಪೋಕ್ಸೊ ಕಾಯ್ದೆಯಡಿ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾನೂನಿನಡಿ, ಬೆಲೆಯಿಲ್ಲ. ಅಪ್ರಾಪ್ತ ಪತ್ನಿಗೂ ಈ ರಕ್ಷಣೆ ಇದೆಯೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು, ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮುತ್ತು ಕಟ್ಟುವುದನ್ನು, ಎಂದರೆ ಹೆಣ್ಣನ್ನು ದೇವದಾಸಿಯಾಗಿ ಅರ್ಪಿಸುವುದನ್ನು, ರಾಜ್ಯದ 1982ರ ಕಾಯ್ದೆಯೇ ನಿಷೇಧಿಸಿತು. ವಯಸ್ಕ ಪತ್ನಿಯ ಮೇಲೆ ಪತಿಯ ಬಲಾತ್ಕಾರವನ್ನು ನ್ಯಾಯ ಸಂಹಿತೆ ಇಂದಿಗೂ ಅತ್ಯಾಚಾರವೆಂದು ಪರಿಗಣಿಸದಿದ್ದರೂ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಲೈಂಗಿಕ ದೌರ್ಜನ್ಯವನ್ನು ಹಿಂಸೆಯೆಂದೇ ಗುರುತಿಸುತ್ತದೆ. ಕಾನೂನಿನ ಈ ಕೊರತೆಯನ್ನು ಅಭಿಯಾನ ಮುಚ್ಚಿಡಬಾರದು, ಅದನ್ನು ಪರವಾನಗಿಯೆಂದು ಬಗೆಯಲೂ ಬಿಡಬಾರದು.

ತಪ್ಪು ಕಲ್ಪನೆ: ಒಂದು ಗೋಡೆಬರಹ, ಒಂದು ಸಭೆ ನಡೆಸಿದರೆ ಕೆಲಸ ಮುಗಿಯಿತು.

ಸತ್ಯ: ಸಿಂಧನೂರಿನ ವಲಸಿಗ ರೈತರ ಕ್ಯಾಂಪುಗಳಲ್ಲಿ ತೆಲುಗು, ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ, ತಾಂಡಾಗಳಲ್ಲಿ ಲಂಬಾಣಿ ಮನೆಮಾತಾಗಿರುವುದರಿಂದ ಕನ್ನಡದ ಬರಹವೊಂದೇ ಎಲ್ಲರನ್ನೂ ಮುಟ್ಟದು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಸ್ತ್ರೀಶಕ್ತಿ ಸಂಘಗಳು ಆಯಾ ಭಾಷೆಯಲ್ಲಿ ಮತ್ತೆ ಮತ್ತೆ ಮಾತಾಡಬೇಕು. ಮಾತು ಕೇಳಿ ನೊಂದವರು ಮುಂದೆ ಬಂದಾಗ 181 ಮಹಿಳಾ ಸಹಾಯವಾಣಿ, ಮಕ್ಕಳ 1098, ತುರ್ತಿಗೆ 112 ಇರುವುದನ್ನೂ, ಸರ್ಕಾರಿಯಾಗಲಿ ಖಾಸಗಿಯಾಗಲಿ ಆಸ್ಪತ್ರೆಗಳು ಉಚಿತ ಪ್ರಥಮ ಚಿಕಿತ್ಸೆ ನೀಡಲೇಬೇಕೆಂಬುದನ್ನೂ ತಿಳಿಸಬೇಕು. ನೆರವಿನ ದಾರಿ ತೋರಿಸದೆ ನೋವನ್ನು ಹೇಳಿಕೊಳ್ಳಿ ಎನ್ನುವುದು ಅನ್ಯಾಯ.

ಇಂಥ ಅಭಿಯಾನದ ಯಶಸ್ಸನ್ನು ಹಂಚಿದ ಕರಪತ್ರಗಳ ಸಂಖ್ಯೆಯಿಂದ ಅಳೆಯಲಾಗದು. ದೌರ್ಜನ್ಯ ನಡೆದಾಗ “ಆಕೆ ಯಾಕೆ ತಡೆಯಲಿಲ್ಲ” ಎನ್ನುತ್ತಿದ್ದ ಊರು “ಅವನು ಯಾಕೆ ಕೇಳಲಿಲ್ಲ” ಎಂದು ಪ್ರಶ್ನಿಸತೊಡಗಿದರೆ ಮಾತ್ರ ಅದು ಸಾರ್ಥಕ.