ಆರರ ವಾರ್ತೆಗೆ ಮುಂಚೆ ಒಂದು ಹಕ್ಕಿ

ಬೆಳಗಿನ 5 ಗಂಟೆ 58 ನಿಮಿಷ. ಆರರ ವಾರ್ತೆಗೆ ಇನ್ನೆರಡೇ ನಿಮಿಷ. 2013ರ ಮೇ ತಿಂಗಳಿನಿಂದ ಬಿಬಿಸಿ ರೇಡಿಯೊ 4 ಈ ಸಣ್ಣ ಸಂದಿಯಲ್ಲಿ ದಿನಕ್ಕೊಂದು ಹಕ್ಕಿಯನ್ನು ತಂದು ಕೂರಿಸತೊಡಗಿತು. ಕಾರ್ಯಕ್ರಮದ ಹೆಸರು ‘ಟ್ವೀಟ್ ಆಫ್ ದಿ ಡೇ’, ಅವಧಿ 90 ಸೆಕೆಂಡು. ಮೊದಲ ದಿನ ಬಂದದ್ದು ಅಲ್ಲಿನ ಕುಕ್ಕೂ, ಅದನ್ನು ಪರಿಚಯಿಸಿದ್ದು ವನ್ಯಜೀವಿ ಕಾರ್ಯಕ್ರಮಗಳ ಹೆಸರಾಂತ ನಿರೂಪಕ ಡೇವಿಡ್ ಅಟೆನ್‌ಬರೊ.

90 ಸೆಕೆಂಡಿನಲ್ಲಿ ನಿಧಾನವಾಗಿ ಓದಿದರೆ ಒಂದು ಪುಟವೂ ಮುಗಿಯದು. ಅದರಲ್ಲೂ ಹಕ್ಕಿಯ ಪಾಲು ತೆಗೆದಿಡಬೇಕು. ಮೊದಲು ಕೂಗು ಕೇಳಬೇಕು, ‘ಯಾವುದಪ್ಪಾ ಇದು?’ ಎಂದು ಕೇಳುಗ ಕಿವಿ ನಿಮಿರಿಸುವವರೆಗೆ ನಿರೂಪಕ ಬಾಯಿ ಬಿಡಬಾರದು. ಆಮೇಲೆ ಹೆಸರು, ಒಂದು ಸಂಗತಿ, ಮತ್ತೆ ಕೂಗು. ಆ ಒಂದು ಸಂಗತಿ ಯಾವುದು ಎಂದು ಆರಿಸುವುದರಲ್ಲೇ ಕಸುಬೆಲ್ಲ ಇದೆ. ಕುಕ್ಕೂ ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ, ಚಳಿಗಾಲಕ್ಕೆ ಆಫ್ರಿಕಾಕ್ಕೆ ಹಾರುತ್ತದೆ, 2009ರಿಂದ ಬ್ರಿಟನ್ನಿನ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿಯಲ್ಲಿದೆ. ಮೂರನ್ನೂ ತುರುಕಿದರೆ ಹಲ್ಲುಜ್ಜುತ್ತಾ ಕೇಳುವವನ ತಲೆಯಲ್ಲಿ ಒಂದೂ ನಿಲ್ಲದು. ಬರೆಯುವವನಿಗೆ ಎರಡನ್ನು ಬಿಡುವ ಗಟ್ಟಿ ಮನಸ್ಸು ಬೇಕು.

ಅಮೆರಿಕದ ಸಿಯಾಟಲ್‌ನಲ್ಲಿ 2005ರಲ್ಲಿ ಶುರುವಾದ ‘ಬರ್ಡ್‌ನೋಟ್’ ಎಂಬ ರೇಡಿಯೊ ಕಾರ್ಯಕ್ರಮ ಕೂಡ ಎರಡು ನಿಮಿಷದೊಳಗೇ ಮುಗಿಯುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಮೆಕಾಲೆ ಸಂಗ್ರಹದ ಧ್ವನಿಮುದ್ರಣಗಳು ಅದರ ದೊಡ್ಡ ಆಸ್ತಿ. ಸಂರಕ್ಷಣೆಯ ಮಾತನ್ನು ಅದು ಉಪದೇಶವಾಗದಂತೆ ಆಡುವ ರೀತಿ ನನಗೆ ಬಹಳ ಇಷ್ಟ. ಉದಾಹರಣೆಗೆ, ಉತ್ತರ ಅಮೆರಿಕದ ಹಲವು ಹಾಡುಹಕ್ಕಿಗಳು ಚಳಿಗಾಲ ಕಳೆಯಲು ಲ್ಯಾಟಿನ್ ಅಮೆರಿಕದ ಕಾಫಿ ತೋಟಗಳಿಗೆ ಹೋಗುತ್ತವೆ. ಮರ ಉಳಿಸಿಕೊಂಡ ತೋಟದಲ್ಲಿ ಅವಕ್ಕೆ ಮೇವು, ಆಸರೆ ಎರಡೂ ಸಿಗುತ್ತವೆ. ಬೋಳು ತೋಟದಲ್ಲಿ ಇಲ್ಲ. ಹಾಗಾಗಿ ನೆರಳಲ್ಲಿ ಬೆಳೆದ ಕಾಫಿಯನ್ನೇ ಕೊಳ್ಳಿ ಎಂದಾಗ ಕೇಳುಗನ ಕೈಯಲ್ಲಿರುವ ಲೋಟವೇ ವಿಷಯವಾಗುತ್ತದೆ. ಕೊಡಗು, ಚಿಕ್ಕಮಗಳೂರಿನವರಿಗೆ ಈ ನೆರಳಿನ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಇನ್ನು ಧ್ವನಿ ಹಿಡಿಯುವವರು. ನಸುಕಿಗೂ ಮುಂಚೆ ಎದ್ದು, ಅಗಲ ಬಾಣಲೆಯಂಥ ತಟ್ಟೆಯ ನಡುವೆ ಮೈಕು ಕಟ್ಟಿ, ಗಾಳಿ ನಿಲ್ಲಲಿ, ಲಾರಿ ದಾಟಲಿ ಎಂದು ಕಾಯುವ ಕೆಲಸ ಅವರದು. ಗೊತ್ತಿರುವ ಮಟ್ಟಿಗೆ ಹಕ್ಕಿದನಿಯ ಮೊತ್ತಮೊದಲ ಮುದ್ರಣ 1889ರದ್ದು. ಜರ್ಮನಿಯ ಹುಡುಗ ಲುಡ್ವಿಗ್ ಕಾಕ್ ಮೇಣದ ಉರುಳೆಯ ಮೇಲೆ ಹಿಡಿದದ್ದು ತನ್ನ ಸಾಕುಹಕ್ಕಿಯ ಹಾಡನ್ನು. ಅದು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲೂ ಹಾಡುವ ಶಾಮ ಹಕ್ಕಿ! ಮುಂದೆ ನಾಜಿಗಳ ಕಾಲದಲ್ಲಿ ದೇಶ ಬಿಟ್ಟ ಕಾಕ್, ಬಿಬಿಸಿಯಲ್ಲಿ ಮನೆಮಾತಾದರು.

ನಮ್ಮಲ್ಲೂ ಬಾನುಲಿಯಲ್ಲಿ ಹಕ್ಕಿಯ ಮಾತು ಹೊಸದಲ್ಲ. ಪಕ್ಷಿತಜ್ಞ ಸಲೀಂ ಅಲಿ 1941ರಿಂದ 1985ರವರೆಗೆ ಆಗಾಗ ರೇಡಿಯೊದಲ್ಲಿ ಮಾತಾಡಿದ್ದರು. ತಾರಾ ಗಾಂಧಿ ಆ ಭಾಷಣಗಳನ್ನು ಒಟ್ಟುಗೂಡಿಸಿದ್ದಾರೆ. ಅವು ನಿಧಾನದ, ಹರಟೆಯ ಧಾಟಿಯ ಮಾತುಗಳು. ದಿನಕ್ಕೊಂದು ಹಕ್ಕಿ, ಒಂದೂವರೆ ನಿಮಿಷ ಎಂಬುದು ಬೇರೆಯೇ ಶಿಸ್ತು. ಅದಕ್ಕೆ ದೊಡ್ಡ ಸ್ಟುಡಿಯೊ ಬೇಕಿಲ್ಲ. ಹಳ್ಳಿಯ ಸಮುದಾಯ ಬಾನುಲಿ, ಒಂದು ಒಳ್ಳೆಯ ಮೈಕು, ಬಿಡುವುದೇನೆಂದು ಬಲ್ಲ ಒಬ್ಬ ಬರಹಗಾರ ಸಾಕು. ಅಂಥ ಬಾನುಲಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಕುಟ್ರು ಹಕ್ಕಿಯಿಂದ ಶುರುಮಾಡಿ. ಒಮ್ಮೆ ಶುರುಮಾಡಿದರೆ ಅದು ಕೂಗು ನಿಲ್ಲಿಸುವುದೇ ಇಲ್ಲ, ಮೈಕು ಸರಿಮಾಡಿಕೊಳ್ಳಲು ಬೇಕಾದಷ್ಟು ಹೊತ್ತು ಸಿಗುತ್ತದೆ.