ಸತ್ತ ದೊರೆಮಗನನ್ನು ಮಧುಗಿರಿಯಲ್ಲಿ ಸೆರೆಯಿಟ್ಟರು!

ಮಧುಗಿರಿ ಬೆಟ್ಟ ನಿಮಗೆ ಗೊತ್ತೇ ಇದೆ. ಕೊರಟಗೆರೆ ಕಡೆಯಿಂದ ಬರುವ ಬಸ್ಸಿನ ಕಿಟಕಿಯಲ್ಲಾದರೂ ನೋಡಿರುತ್ತೀರಿ. ಒಂದೇ ಬಂಡೆ! ಸಮುದ್ರಮಟ್ಟದಿಂದ 3,930 ಅಡಿ! ಎಡವಿದರೆ ಹಿಡಿದುಕೊಳ್ಳಲು ಹುಲ್ಲುಕಡ್ಡಿಯೂ ಸಿಗದಂಥ ಇಳಿಜಾರು!

ಆ ಬಂಡೆಯ ಮೇಲಿನ ಕೋಟೆಗೆ 1763ರಲ್ಲಿ ನಾಲ್ವರು ಕೈದಿಗಳು ಬಂದರು. ದೂರದ ಮಲೆನಾಡಿನಿಂದ ಬಂದವರು. ಯಾರಿರಬಹುದು? ಊಹಿಸಿ ನೋಡೋಣ.

ಒಬ್ಬಳು ರಾಣಿ. ಒಬ್ಬ ಅವಳ ದತ್ತುಮಗ, ಎಳೆಯ ದೊರೆ. ಇನ್ನೊಬ್ಬ ರಾಣಿಯ ಆಪ್ತ. ಮೂವರಾದರು.

ನಾಲ್ಕನೆಯವನು? ಅವನು ಐದಾರು ವರ್ಷಗಳ ಹಿಂದೆಯೇ ಸತ್ತುಹೋಗಿದ್ದ ಹುಡುಗ!

ಹೌದು, ಸರಿಯಾಗಿಯೇ ಓದಿದಿರಿ. ಸತ್ತವನನ್ನು ತಂದು ಸೆರೆಯಲ್ಲಿಟ್ಟರು. ನಮ್ಮ ಮಧುಗಿರಿಯಲ್ಲಿ!

ಈಗ ಮಲೆನಾಡಿಗೆ ಹೋಗೋಣ. ಬಿದನೂರು. ಇವತ್ತು ಹೊಸನಗರ ತಾಲ್ಲೂಕಿನ ನಗರ ಎಂಬ ಸಣ್ಣ ಊರು. ಆಗ ಕೆಳದಿ ನಾಯಕರ ರಾಜಧಾನಿ. ಮೆಣಸು, ಅಕ್ಕಿ, ಗಂಧ ಎಲ್ಲವೂ ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿದ್ದವು. ಚಿನ್ನ ಘಟ್ಟ ಹತ್ತಿ ಮೇಲೆ ಬರುತ್ತಿತ್ತು. ಔರಂಗಜೇಬನ ಸೇನೆ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟ ಕೆಳದಿ ಚೆನ್ನಮ್ಮನ ಮನೆತನವಿದು!

ಈ ಮನೆತನದ ದೊರೆ ಬಸಪ್ಪ ನಾಯಕ 1754ರ ಹೊತ್ತಿಗೆ ತೀರಿಕೊಂಡ. ಹೊಟ್ಟೆಯಲ್ಲಿ ಹುಟ್ಟಿದ ಮಗನಿಲ್ಲ. ದತ್ತು ತಂದ ಹುಡುಗನಿದ್ದ. ಹೆಸರು ಚೆನ್ನಬಸಪ್ಪ. ಗದ್ದುಗೆ ಅವನದಾಯಿತು. ಅಧಿಕಾರ ಮಾತ್ರ ವಿಧವೆ ರಾಣಿ ವೀರಮ್ಮಾಜಿಯ ಕೈಯಲ್ಲಿ.

ಹುಡುಗ ಎಷ್ಟು ವರ್ಷ ಆಳಿದ ಗೊತ್ತೇ? ಹತ್ತು? ಐದು?

ಮೂರೇ ಮೂರು! 1757ಕ್ಕೆ ಮುಗಿಯಿತು.

ಹೇಗೆ ಸತ್ತ? ಇಲ್ಲಿ ಮೈ ಜುಮ್ಮೆನ್ನುತ್ತದೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದಲ್ಲಿ ಬರೆಯುತ್ತಾನೆ: ಹುಡುಗನಿಗೆ ಆಗ ಹದಿನೇಳರ ಆಸುಪಾಸು. ರಾಣಿಗೂ ನಿಂಬಯ್ಯ ಎಂಬವನಿಗೂ ಇದ್ದ ನಂಟನ್ನು ಆಕ್ಷೇಪಿಸಿದ. ಒಂದು ದಿನ ಬಿಸಿನೀರಿನ ಸ್ನಾನಕ್ಕೆ ಕೂತ. ಮೈ ತಿಕ್ಕಲು ಬಂದವನು ಜಟ್ಟಿ. ಆ ಜಟ್ಟಿ ಹುಡುಗನ ಕತ್ತು ಮುರಿದ!

ಕುಸ್ತಿಯ ಪಟ್ಟು, ಬಚ್ಚಲಮನೆಯಲ್ಲಿ!

ನಂಬಬೇಕೇ? ಕೆಳದಿಯ ಇತಿಹಾಸ ಬರೆದ ಹಲವರು ರಾಣಿಯ ಮೇಲಿನ ಈ ಆಪಾದನೆಯನ್ನು ಒಪ್ಪುವುದಿಲ್ಲ. ನನಗೂ ಅವರ ಮಾತೇ ಸರಿಯೆನಿಸುತ್ತದೆ. ಗೆದ್ದವರ ಕಡೆಯಲ್ಲಿ ಸೋತ ರಾಣಿಯ ನಡತೆಯ ಮೇಲೆ ಕತೆ ಹುಟ್ಟುವುದು ಬಹಳ ಸುಲಭ. ಆದರೆ ಆ ಕತೆ ಅಂದು ಊರೂರಿಗೆ ಹಬ್ಬಿತ್ತು. ಅದನ್ನು ನಂಬುವವರಿದ್ದರು. ಅಷ್ಟೇ ಸಾಕಾಗಿತ್ತು!

ಎಳೆಯ ವಾರಸುದಾರ ಸತ್ತರೆ ಮುಂದೇನಾಗುತ್ತದೆ? ಒಂದು ಕ್ಷಣ ರೋಮಿಗೆ ಬನ್ನಿ. ಚಕ್ರವರ್ತಿ ಮ್ಯಾಕ್ಸೆಂಟಿಯಸ್. ಮಗನ ಹೆಸರು ರೋಮ್ಯುಲಸ್. ಆ ಎಳೆವಯಸ್ಸಿಗೇ ಎರಡು ಸಲ ಕಾನ್ಸುಲ್ ಪದವಿ! 309ರಲ್ಲಿ ಹುಡುಗ ತೀರಿಕೊಂಡ. ಅಪ್ಪ ಏನು ಮಾಡಿದ? ಮಗನನ್ನು ದೇವರೆಂದು ಸಾರಿದ! ಅವನ ಹೆಸರಿನಲ್ಲಿ ನಾಣ್ಯ ಹೊಡೆಸಿದ. ಅಪ್ಪಿಯಾ ಹೆದ್ದಾರಿಯ ಪಕ್ಕದಲ್ಲಿ ದೊಡ್ಡ ಸಮಾಧಿ. ಅದರ ಮಗ್ಗುಲಲ್ಲೇ ರಥ ಓಡಿಸುವ ಬಯಲು. ಅವೆರಡರ ಅವಶೇಷ ಇವತ್ತಿಗೂ ನಿಂತಿವೆ.

ರೋಮಿನ ಹುಡುಗ ದೇವರಾದ. ಬಿದನೂರಿನ ಹುಡುಗ?

ಅವನು ವಾಪಸ್ ಬಂದ!

ಇಷ್ಟರಲ್ಲಿ ನಮ್ಮ ಸೀಮೆಯಲ್ಲಿ ಇನ್ನೊಬ್ಬ ಬೆಳೆಯುತ್ತಿದ್ದ. ಹೈದರ್ ಅಲಿ. 1761ರಲ್ಲಿ ಅವನಿಗೆ ಸಿಕ್ಕ ಬಿರುದು ಯಾವ ಊರಿನದು, ಹೇಳಿ ನೋಡೋಣ? ಮೈಸೂರಿನದಲ್ಲ. ಬೆಂಗಳೂರಿನದೂ ಅಲ್ಲ. ಶಿರಾದ ನವಾಬ! ನಮ್ಮ ಶಿರಾ! ಅಲ್ಲಿಂದ ಅವನ ಕಣ್ಣು ಚಿತ್ರದುರ್ಗದ ಕಡೆ ಹೊರಳಿತು. ದುರ್ಗದ ನಾಯಕ ಅವನ ಮುಂದೆ ಒಬ್ಬ ಯುವಕನನ್ನು ತಂದು ನಿಲ್ಲಿಸಿದ.

ಯುವಕ ಹೇಳಿದ್ದಿಷ್ಟು: ನಾನೇ ಚೆನ್ನಬಸಪ್ಪ. ಕೊಲ್ಲಬೇಕಿದ್ದ ಜಟ್ಟಿ ನನ್ನ ಮೇಲೆ ಕನಿಕರಪಟ್ಟ. ಕೊಂದೆನೆಂದು ಸುಳ್ಳು ಹೇಳಿ ತನ್ನ ಮನೆಯಲ್ಲಿ ವರ್ಷಗಟ್ಟಲೆ ಬಚ್ಚಿಟ್ಟ. ತಪ್ಪಿಸಿಕೊಂಡು ಬಂದಿದ್ದೇನೆ. ನನ್ನ ಗದ್ದುಗೆ ನನಗೆ ಕೊಡಿಸಿ!

ಎಂಥ ಕತೆ! ಅರಮನೆಯ ಬಚ್ಚಲಿನಲ್ಲಿ ಸತ್ತವನು ದಂಡಿನ ಡೇರೆಯಲ್ಲಿ ಎದ್ದು ನಿಂತಿದ್ದಾನೆ!

ಹೈದರ್ ನಂಬಿದನೇ? ನಂಬುವ ಅಗತ್ಯವೇ ಅವನಿಗಿರಲಿಲ್ಲ. ಸಿರಿವಂತ ರಾಜ್ಯವೊಂದರ ಬಾಗಿಲಿಗೆ ಕೀಲಿಕೈ ಸಿಕ್ಕಿತ್ತು. ಯುವಕನಿಗೆ ದೊರೆಯ ಮರ್ಯಾದೆ ಕೊಟ್ಟ. ಅವನನ್ನು ಮುಂದಿಟ್ಟುಕೊಂಡು 1763ರ ಮೊದಲ ತಿಂಗಳುಗಳಲ್ಲಿ ಬಿದನೂರಿನತ್ತ ಹೊರಟ. ದಂಡಿನ ಸಿಪಾಯಿಗಳು ಮಾತ್ರ ಬೆನ್ನ ಹಿಂದೆ ಯುವಕನಿಗೆ ಒಂದು ಅಡ್ಡಹೆಸರು ಕಟ್ಟಿದ್ದರು: ಗೈಬು ರಾಜ! ಮಾಯವಾಗಿ ಮತ್ತೆ ಬಂದ ರಾಜ!

ದಾರಿಯಲ್ಲಿ ಶಿವಮೊಗ್ಗ. ಆಮೇಲೆ ಕುಂಸಿ. ಆಮೇಲೆ ಅನಂತಪುರ. ಹೈದರ್ ಒಂದೊಂದು ಊರು ದಾಟಿದಾಗಲೂ ರಾಣಿ ಕೊಡುತ್ತೇನೆಂದ ವರಹಗಳ ಮೊತ್ತ ಏರುತ್ತಲೇ ಹೋಯಿತು. ಲಕ್ಷ ಲಕ್ಷ ವರಹ! ಹೈದರ್ ಬೇಡವೆಂದ!

ಏಕೆ? ಕುಂಸಿಯಲ್ಲಿ ಅವನಿಗೆ ಹಣಕ್ಕಿಂತ ದೊಡ್ಡದೊಂದು ಸಿಕ್ಕಿತ್ತು. ಒಬ್ಬ ಮುದಿ ಕೈದಿ. ಹಿಂದಿನ ದೊರೆಯ ಮಂತ್ರಿ ಲಿಂಗಣ್ಣ. ರಾಣಿಯೇ ಸೆರೆಗೆ ತಳ್ಳಿದ್ದವಳು. ಬಿದನೂರಿನ ಸುತ್ತ ದಟ್ಟ ಕಾಡು. ಕಾಡಿನ ದಾರಿದಾರಿಗೂ ಕಾವಲು. ಆದರೆ ಕಾವಲಿಲ್ಲದ ಗುಟ್ಟಿನ ದಾರಿಯೊಂದು ಲಿಂಗಣ್ಣನಿಗೆ ಗೊತ್ತಿತ್ತು!

ಹೈದರ್ ಹೆಬ್ಬಾಗಿಲ ಕಡೆ ಗದ್ದಲದ ಹುಸಿದಾಳಿ ಮಾಡಿಸಿದ. ತಾನು ಗುಟ್ಟಿನ ದಾರಿ ಹಿಡಿದ. ಊರೊಳಗೆ ಇಳಿದೇಬಿಟ್ಟ!

ಜನ ಕಾಡಿಗೆ ಓಡಿದರು. ರಾಣಿ ಅರಮನೆಗೆ ಬೆಂಕಿ ಹಚ್ಚಿಸಿ ಬಲ್ಲಾಳರಾಯನದುರ್ಗದ ಕಡೆ ಹೊರಟಳು. ಹೈದರ್ ಮೊದಲು ಮಾಡಿದ್ದು ಆ ಬೆಂಕಿ ಆರಿಸುವ ಕೆಲಸ. ಒಳಗೆ ಏನಿತ್ತು, ಎಷ್ಟಿತ್ತು? ವಿಲ್ಕ್ಸ್ ಕೊಡುವ ಅಂದಾಜು ಕೇಳಿ. ಕೇಳುವ ಮೊದಲು ನೀವೊಂದು ಸಂಖ್ಯೆ ಮನಸ್ಸಿನಲ್ಲಿಟ್ಟುಕೊಳ್ಳಿ.

1 ಕೋಟಿ 20 ಲಕ್ಷ ಪೌಂಡು! ಅದೂ 1763ರಲ್ಲಿ!

ಸಂಖ್ಯೆ ಉಬ್ಬಿರಬಹುದು. ಆದರೂ ತನ್ನ ಏಳಿಗೆಗೆಲ್ಲ ಬಿದನೂರೇ ಬುಡವೆಂದು ಹೈದರನೇ ಹೇಳಿಕೊಳ್ಳುತ್ತಿದ್ದನಂತೆ. ಊರಿಗೆ ಹೈದರನಗರ ಎಂದು ಹೆಸರಿಟ್ಟ. ಇವತ್ತಿನ 'ನಗರ' ಅದರದೇ ಉಳಿಕೆ. ಇನ್ನೊಂದು ಬೆರಗು ಇದೆ. ಹೈದರ್ ತನ್ನ ಹೊನ್ನಿನ ವರಹ ಹೊಡೆಸಿದ. ಅದರ ಮುಂಭಾಗದಲ್ಲಿ ಯಾರ ಚಿತ್ರ? ಶಿವ ಪಾರ್ವತಿ! ಕೆಳದಿ ನಾಯಕರ ವರಹದಲ್ಲಿದ್ದ ಅದೇ ಶಿವ ಪಾರ್ವತಿ! ಬೆನ್ನಿನ ಮೇಲೆ ಮಾತ್ರ ಹೈದರ್ ಹೆಸರಿನ ಮೊದಲಕ್ಷರ, ಫಾರ್ಸಿಯಲ್ಲಿ.

ಸರಿ, ಗೈಬು ರಾಜನ ಗತಿ? ಗದ್ದುಗೆ ಸಿಕ್ಕಿತೇ?

ಗದ್ದುಗೆಯಾ! ರಾಣಿ ಸೆರೆ ಸಿಕ್ಕಳು. ನಿಂಬಯ್ಯ ಸಿಕ್ಕ. ಚೆನ್ನಬಸಪ್ಪನ ನಂತರ ರಾಣಿ ದತ್ತು ತಂದಿದ್ದ ಹುಡುಗ ಸೋಮಶೇಖರ ಸಿಕ್ಕ. ಹೈದರ್ ಮೂವರನ್ನೂ ಒಟ್ಟಿಗೆ ಮಧುಗಿರಿಗೆ ಅಟ್ಟಿದ. ಜೊತೆಗೆ ಯಾರನ್ನು ಸೇರಿಸಿದ? ತನ್ನ ದಂಡಿನ ಮುಂದೆ ಮೆರೆಸಿಕೊಂಡು ಬಂದಿದ್ದ ಗೈಬು ರಾಜನನ್ನೇ!

ಯೋಚಿಸಿ ನೋಡಿ. ಒಂದೇ ಗದ್ದುಗೆಯ ಇಬ್ಬರು ಹಕ್ಕುದಾರರು ಒಂದೇ ಬಂಡೆಯ ಮೇಲೆ. ಕೊಲ್ಲಿಸಿದಳೆಂಬ ಆಪಾದನೆ ಹೊತ್ತವಳೂ ಕೊಲೆಯಾದವನು ನಾನೇ ಎಂದವನೂ ಒಂದೇ ಕೋಟೆಯಲ್ಲಿ. ಯಾವ ನಾಟಕಕಾರನಿಗೆ ಇಂಥ ರಂಗ ಹೊಳೆದೀತು!

ಎಷ್ಟು ಒಳ್ಳೆಯ ಸೆರೆ ನೋಡಿ ಈ ಬೆಟ್ಟ. ಬಾಗಿಲ ಮೇಲೆ ಬಾಗಿಲು. ನಡುವೆ ಕಲ್ಲಿನಲ್ಲಿ ಕಡಿದ ಕಡಿದಾದ ಮೆಟ್ಟಿಲು. ಮೇಲೆ ಗಾಳಿ, ಬಿಸಿಲು. ವರ್ಷವಿಡೀ ಹಸಿರು, ತಿಂಗಳುಗಟ್ಟಲೆ ಮಳೆ ಕಂಡ ಬಿದನೂರಿನ ಹುಡುಗನೊಬ್ಬ ಈ ಬಿಸಿಲುಗಲ್ಲಿನ ಮೇಲಿಂದ ಪಾವಗಡದತ್ತ ಹಬ್ಬಿದ ಕುರುಚಲು ಗುಡ್ಡಗಳನ್ನು ನೋಡುತ್ತ ನಾಲ್ಕು ವರ್ಷ ಬೆಳೆದ. ನನಗೆ ಈ ಇಡೀ ಕತೆಯಲ್ಲಿ ಕರುಳು ಹಿಂಡುವುದು ಅವನ ಪಾಡು. ಚೆನ್ನಬಸಪ್ಪನದು ಮೂರು ವರ್ಷದ ದೊರೆತನ. ಸೋಮಶೇಖರನದು ಹೆಸರಿಗಷ್ಟೇ ದೊರೆತನ, ಆಮೇಲೆ ಬಂಡೆ.

ಬಿಡಿಸಿದವರು ಯಾರು? 1767ರಲ್ಲಿ ಮರಾಠರ ದಂಡು ಬಂತು. ಮೊದಲು ಶಿರಾ ಬಿತ್ತು. ಆಮೇಲೆ ಯಾರೂ ಹತ್ತಲಾರರೆಂದು ಹೈದರ್ ನೆಚ್ಚಿದ್ದ ಮಧುಗಿರಿಯೂ ಬಿತ್ತು! ದಂಡಿನ ಮುಂದಾಳು ಪೇಶ್ವೆ ಮಾಧವರಾವ್. ಅವನ ವಯಸ್ಸು ಊಹಿಸಿ. ನಲವತ್ತು? ಮೂವತ್ತು?

ಇಪ್ಪತ್ತೆರಡು! ಹದಿನಾರಕ್ಕೇ ಪೇಶ್ವೆಯಾಗಿದ್ದವನು! ಇಪ್ಪತ್ತೇಳಕ್ಕೆ ಕ್ಷಯದಿಂದ ತೀರಿಕೊಂಡ. ಎಳೆಯನನ್ನು ಬಿಡಿಸಲು ಬೆಟ್ಟಕ್ಕೆ ಬಂದವನೂ ಅಲ್ಪಾಯುಷಿ!

ರಾಣಿ ವೀರಮ್ಮಾಜಿ ಮತ್ತು ಸೋಮಶೇಖರ ಬೆಟ್ಟ ಇಳಿದರು. ಮಾಧವರಾವ್ ಅವರನ್ನು ಪುಣೆಗೆ ಕಳಿಸಿದ. ರಾಣಿ ಹಾದಿಯಲ್ಲೇ ತೀರಿಕೊಂಡಳೆಂದು ಹೇಳುತ್ತಾರೆ. ಬಿದನೂರು ಹೈದರನ ಕೈಯಲ್ಲೇ ಉಳಿಯಿತು. 1499ರಲ್ಲಿ ಕೆಳದಿಯಲ್ಲಿ ಚೌಡಪ್ಪನಿಂದ ಶುರುವಾದ ಗದ್ದುಗೆಯನ್ನು ಸೋಮಶೇಖರ ಮತ್ತೆ ಏರಲಿಲ್ಲ.